ಮೈಕು ನಮ್ಮದು, ಮಾತು ಅವರದು

ತಂತ್ರಾಂಶ ಕಂಪನಿ ತನ್ನ ಬಳಕೆದಾರರನ್ನು ಕರೆದು ಸಮಾವೇಶ ಮಾಡಿದಾಗ ಅಲ್ಲಿ ನೌಕರನಿಗೆ ಏನು ಕೆಲಸ? ಮೈಸೂರಿನಲ್ಲಿ ನಡೆದ ಅಂಥದೊಂದು ಸಮಾವೇಶದ ನೆಪದಲ್ಲಿ ಕೆಲವು ಮಾತು.

ಬಳಕೆದಾರರ ಸಮಾವೇಶಕ್ಕೆ ಕಂಪನಿಯ ನೌಕರರಾಗಿ ಹೋಗುವುದೆಂದರೆ ಮದುವೆಗೆ ಹೆಣ್ಣಿನ ಕಡೆಯವರಾಗಿ ಹೋದ ಹಾಗೆ. ಸಾರಿಗೆ ಉಪ್ಪು ಹಾಕಿದವರು ನೀವಲ್ಲ, ಕುರ್ಚಿ ಸಾಲದೆ ಹೋದದ್ದು ನಿಮ್ಮಿಂದಲ್ಲ. ಆದರೂ ಯಾರು ಗೊಣಗಿದರೂ ಜವಾಬು ಕೊಡಬೇಕಾದವರು ನೀವೇ. ಕೊರಳಿಗೆ ಹಾಕಿಕೊಂಡ ಗುರುತಿನ ಚೀಟಿಯ ಪಟ್ಟಿ ನೌಕರರದ್ದೇ ಬೇರೆ ಬಣ್ಣ. ಅದನ್ನು ದೂರದಿಂದಲೇ ಗುರುತು ಹಿಡಿದವರು ಸಾಲು ಬಿಟ್ಟು ನೇರವಾಗಿ ನಿಮ್ಮ ಹತ್ತಿರ ಬರುತ್ತಾರೆ.

ನಾನಿರುವ ಕಂಪನಿ ಶಾಲೆಗಳಿಗೆ, ಸಹಕಾರ ಸಂಘಗಳಿಗೆ, ಸಣ್ಣ ಮುದ್ರಣಾಲಯಗಳಿಗೆ ಬೇಕಾದ ತಂತ್ರಾಂಶ ಮಾಡುತ್ತದೆ. ಮೈಸೂರಿನಲ್ಲಿ ನಡೆದ ನಮ್ಮ ಸಮಾವೇಶದ ಬೆಳಗಿನ ಭಾಷಣಗಳ ಬಗ್ಗೆ ಬರೆಯುವಂಥದ್ದೇನಿಲ್ಲ. ದೊಡ್ಡ ಪರದೆ, ಹೊಸ ಆವೃತ್ತಿಯ ಗುಣಗಾನ, ಚಪ್ಪಾಳೆ. ಎಲ್ಲ ಕಂಪನಿಗಳ ಬೆಳಗೂ ಹೀಗೇ ಇರುತ್ತದೆ. ನಿಜವಾದ ಸಮಾವೇಶ ಶುರುವಾದದ್ದು ಹನ್ನೊಂದು ಗಂಟೆಯ ಕಾಫಿಗೆ.

ಅಗ್ರಹಾರದ ಕಡೆ ಡಿಟಿಪಿ ಅಂಗಡಿ ಇಟ್ಟಿರುವ ಹಿರಿಯರೊಬ್ಬರು ಲೋಟ ಹಿಡಿದೇ ಬಂದರು. "ಸಾರ್, ನೀವು ಕಂಪನಿಯವ್ರಾ? ಒಂದ್ನಿಮಿಷ ಇಲ್ನೋಡಿ" ಎಂದು ಮೊಬೈಲ್ ತೆರೆದರು. ಒಂದು ಶಾಲೆಯ ಪ್ರಶಸ್ತಿಪತ್ರ. ಅವರು ಟೈಪ್ ಮಾಡಿದ್ದು ‘ಪ್ರಥಮ ರ‍್ಯಾಂಕ್’. ಅಚ್ಚಾಗಿ ಬಂದದ್ದು ‘ಪ್ರಥಮ ರ್ಯಾಂಕ್’. "ಟೈಪ್ ಮಾಡೋವಾಗ ಸರಿಯಾಗೇ ಇರುತ್ತೆ. ಸೇವ್ ಮಾಡಿ ಮತ್ತೆ ತೆಗೆದ್ರೆ ನಿಮ್ ಸಾಫ್ಟ್‌ವೇರು ಅರ್ಕಾವೊತ್ತು ಹಾಕ್ಬಿಡುತ್ತೆ. ಅಷ್ಟೂ ಸರ್ಟಿಫಿಕೇಟು ಮತ್ತೆ ಪ್ರಿಂಟ್ ಹಾಕ್ಕೊಟ್ಟೆ. ಕಾಗದದ ದುಡ್ಡು ಯಾರು ಕೊಡ್ತಾರೆ, ನೀವೇ ಹೇಳಿ."

ಅವರು ಹೇಳಿದ್ದರ ಹಿಂದಿನ ಕಾರಣ ಹೀಗಿದೆ. ಯೂನಿಕೋಡ್ ಪದ್ಧತಿಯಲ್ಲಿ ರ, ಹಲಂತ, ಯ ಒಂದರ ಹಿಂದೊಂದು ಬಂದರೆ ‘ಕಾರ್ಯ’, ‘ಸೂರ್ಯ’ ಪದಗಳಲ್ಲಿ ಇರುವಂತೆ ಅರ್ಕಾವೊತ್ತು ಮೂಡುತ್ತದೆ. ‘ರ‍್ಯಾಂಕ್’, ‘ರ‍್ಯಾಲಿ’ಗಳಲ್ಲಿ ರಕಾರ ಇಡಿಯಾಗಿ ನಿಲ್ಲಬೇಕಾದರೆ ಅದರ ಮಗ್ಗುಲಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಅಂಥದೇ ಇನ್ನೊಂದು ಕಾಣದ ಸಂಕೇತ ‘ಸಾಫ್ಟ್‌ವೇರ್’ ಪದದ ನಡುವೆ ಇರುತ್ತದೆ. ಅದನ್ನು ತೆಗೆದರೆ ಟಕಾರದ ಕೆಳಗೆ ವಕಾರ ಒತ್ತಾಗಿ ಕೂತು ‘ಸಾಫ್ಟ್ವೇರ್’ ಆಗುತ್ತದೆ. ನಮ್ಮ ತಂತ್ರಾಂಶದಲ್ಲಿ ಪಠ್ಯವನ್ನು ಉಳಿಸುವ ಮುಂಚೆ ‘ಅನಗತ್ಯ ಸಂಕೇತ’ಗಳನ್ನು ಗುಡಿಸಿ ಹಾಕುವ ಒಂದು ಹಂತವಿತ್ತು. ಇಂಗ್ಲಿಷಿಗೆ ಆ ಸಂಕೇತಗಳು ಬೇಕಿಲ್ಲ, ಆದ್ದರಿಂದ ಪರೀಕ್ಷೆಯಲ್ಲಿ ತೊಂದರೆ ಕಂಡಿರಲಿಲ್ಲ. ಕನ್ನಡದಲ್ಲಿ ಕಸವೆಂದು ಗುಡಿಸಿದ್ದೇ ಕಾಗುಣಿತವಾಗಿತ್ತು.

ಇದೇ ದೂರು ಈ ಹಿಂದೆ ಸಹಾಯವಾಣಿಗೂ ಬಂದಿತ್ತು. ‘ಫಾಂಟ್ ಸಮಸ್ಯೆ, ಬಳಕೆದಾರರ ಕಂಪ್ಯೂಟರಿನಲ್ಲಿ ಪರಿಶೀಲಿಸಿಕೊಳ್ಳಬೇಕು’ ಎಂಬ ಷರಾದೊಂದಿಗೆ ಮುಚ್ಚಿಹೋಗಿತ್ತು. ಪರದೆಯ ಮೇಲಿನ ದೂರು ಒಂದು ಸಂಖ್ಯೆ, ಕಾಫಿ ಲೋಟ ಹಿಡಿದು ಎದುರು ನಿಂತವರು ಸಂಖ್ಯೆಯಲ್ಲ. ಅವರ ಮುಂದೆ ಷರಾ ಬರೆದು ಕೈತೊಳೆದುಕೊಳ್ಳಲು ಆಗುವುದಿಲ್ಲ.

ಊಟದ ಸಾಲಿನಲ್ಲಿ ಸಿಕ್ಕವರು ಎಚ್.ಡಿ. ಕೋಟೆ ಕಡೆಯ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಪೋಷಕರಿಗೆ ಎಸ್ಸೆಮ್ಮೆಸ್ ಕಳಿಸುವುದಕ್ಕೆ ಇಂಗ್ಲಿಷಿಗಿಂತ ಕನ್ನಡದಲ್ಲಿ ಹೆಚ್ಚು ದುಡ್ಡು ಕಡಿತವಾಗುವುದೇಕೆ ಎಂಬುದು ಅವರ ಪ್ರಶ್ನೆ. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಸುತ್ತದೆ, ಕನ್ನಡವಾದರೆ 70 ಮಾತ್ರ. ಅದೂ ಕಾಗುಣಿತದ ಗುರುತು, ಹಲಂತ, ಒತ್ತಕ್ಷರ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ. ‘ನಾಳೆ ಶಾಲೆಗೆ ರಜೆ’ ಎನ್ನುವುದರ ಜತೆ ಕಾರಣವನ್ನೂ ವಿವರವಾಗಿ ಸೇರಿಸಿದರೆ ಒಂದು ಸಂದೇಶ ಎರಡಾಗಬಹುದು. ಇದು ಮೊಬೈಲ್ ಜಾಲದ ಜಾಗತಿಕ ನಿಯಮ, ಯಾವ ಕಂಪನಿಯೂ ಒಬ್ಬಂಟಿಯಾಗಿ ಬದಲಾಯಿಸಲಾರದು. ಆದರೆ ಕನ್ನಡದಲ್ಲಿ ಬರೆಯುವಾಗಲೂ ನಮ್ಮ ಪರದೆಯ ಮೂಲೆಯಲ್ಲಿ ‘160’ ಎಂದೇ ತೋರಿಸುತ್ತಿದ್ದುದನ್ನು ಬದಲಾಯಿಸಬಹುದಿತ್ತು. "ಮೊದಲೇ ಹೇಳಿದ್ರೆ ನಾವೂ ಚಿಕ್ಕದಾಗಿ ಬರೀತಿದ್ವಲ್ಲ ಸಾರ್" ಎಂದರು ಮೇಡಂ. ಆ ದಿನ ವೇದಿಕೆಯ ಮೇಲೆ ಇಷ್ಟು ಉಪಯೋಗದ ಮಾತನ್ನು ಯಾರೂ ಆಡಲಿಲ್ಲ.

ಬಳಸುವವರ ಮಾತು ಹೀಗೆ ನೇರವಾಗಿ ಕಿವಿಗೆ ಬೀಳುವುದು ಅಪರೂಪ, ಮೈಸೂರಿನ ವಿಚಿತ್ರವೇ ಅದು. ಇಲ್ಲಿನ ಎನ್ಐಇ ಕಾಲೇಜಿನಲ್ಲಿ 1967ರಲ್ಲಿ ಎಂಜಿನಿಯರಿಂಗ್ ಮುಗಿಸಿದ ಎನ್.ಆರ್. ನಾರಾಯಣಮೂರ್ತಿ ಮುಂದೆ ಗೆಳೆಯರೊಡನೆ ಕಟ್ಟಿದ ಇನ್ಫೊಸಿಸ್, ಹೆಬ್ಬಾಳದ ಬಳಿ 300 ಎಕರೆಗೂ ಮಿಗಿಲಾದ ಆವರಣದಲ್ಲಿ ದೇಶದ ಮೂಲೆಮೂಲೆಯ ಹೊಸ ಎಂಜಿನಿಯರುಗಳಿಗೆ ತರಬೇತಿ ಕೊಡುತ್ತದೆ. ಅಲ್ಲಿನ ಜಾಗತಿಕ ಶಿಕ್ಷಣ ಕೇಂದ್ರದ ಎರಡನೆಯ ಕಟ್ಟಡ ಉದ್ಘಾಟನೆಯಾದದ್ದು 2009ರಲ್ಲಿ. ಬೆಂಗಳೂರಿನಾಚೆಗೂ ಐಟಿ ಹಬ್ಬಬೇಕೆಂದು ಸರ್ಕಾರ ‘ಬಿಯಾಂಡ್ ಬೆಂಗಳೂರು’ ಎಂದಾಗಲೆಲ್ಲ ಮೊದಲು ಬರುವ ಹೆಸರುಗಳಲ್ಲಿ ಮೈಸೂರೂ ಒಂದು. ಆದರೆ ಇಲ್ಲಿ ಕೂತು ಕೋಡ್ ಬರೆಯುವ ಬಹುಪಾಲು ಮಂದಿಯ ಗ್ರಾಹಕರು ಸಮುದ್ರದಾಚೆ ಇದ್ದಾರೆ. ತಾನು ಬರೆದದ್ದನ್ನು ಬಳಸುವ ಮನುಷ್ಯನ ಮುಖವನ್ನೇ ನೋಡದೆ ನಿವೃತ್ತಿಯಾಗುವವರೂ ಇರುತ್ತಾರೆ. ದೇವರಾಜ ಮಾರುಕಟ್ಟೆಯ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗನಿಗೂ ಹೂಟಗಳ್ಳಿಯ ಎಂಜಿನಿಯರಿಗೂ ನಡುವೆ ಇರುವುದು ಕೆಲವೇ ಕಿಲೋಮೀಟರು. ಇಬ್ಬರೂ ಎದುರಾಗುವ ಸಂದರ್ಭ ಮಾತ್ರ ಬರುವುದಿಲ್ಲ. ಊರಿನಲ್ಲೇ ನಡೆಯುವ ಬಳಕೆದಾರರ ಸಮಾವೇಶಕ್ಕೆ ಬೆಲೆ ಬರುವುದು ಇದರಿಂದ.

ಹಾಗೆ ನೋಡಿದರೆ ಇಂಥ ಸಭೆ ಮೈಸೂರಿಗೆ ಹೊಸದೇನಲ್ಲ. 1881ರ ಅಕ್ಟೋಬರ್‌ನಲ್ಲಿ, ದಸರೆಯ ಸಮಯದಲ್ಲಿ, ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನವನ್ನು ಇಲ್ಲಿ ಕರೆದರು. ಸಂಸ್ಥಾನದ ಬೇರೆ ಬೇರೆ ಭಾಗಗಳಿಂದ 144 ಮಂದಿ ಬಂದಿದ್ದರು, ಹೆಚ್ಚಿನವರು ಜಮೀನುದಾರರು ಮತ್ತು ವರ್ತಕರು. ಕಾನೂನು ಮಾಡುವ ಅಧಿಕಾರ ಅವರಿಗೆ ಇರಲಿಲ್ಲ. ಆದರೆ ಹೋದ ವರ್ಷ ಆಡಳಿತ ಏನು ಮಾಡಿತು, ಬರುವ ವರ್ಷ ಏನು ಮಾಡಲಿದೆ ಎಂಬುದನ್ನು ದಿವಾನರೇ ಅವರ ಮುಂದೆ ಒಪ್ಪಿಸಬೇಕಿತ್ತು. ಪ್ರತಿನಿಧಿಗಳು ತಮ್ಮ ಊರಿನ ಅಹವಾಲುಗಳನ್ನು ಮಂಡಿಸುತ್ತಿದ್ದರು. ಇಂದಿನ ಸಮಾವೇಶಗಳಲ್ಲಿ ದಿವಾನರ ಆ ವರದಿಯ ಎರಡನೆಯ ಅರ್ಧ ಮಾತ್ರ ಉಳಿದುಕೊಂಡಿದೆ. ಬರುವ ವರ್ಷ ಏನು ತರುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ. ಹೋದ ವರ್ಷ ನೀವು ಹೇಳಿದ್ದನ್ನು ಏನು ಮಾಡಿದೆವು ಎಂದು ಹೇಳುವವರು ಕಡಿಮೆ.

ಕಂಪ್ಯೂಟರ್ ಲೋಕದಲ್ಲಿ ಹೀಗೆ ಸಭೆ ಸೇರುವ ಪದ್ಧತಿಯನ್ನು ಶುರು ಮಾಡಿದವರು ಕಂಪನಿಗಳಲ್ಲ, ಬಳಕೆದಾರರು. 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ ಐಬಿಎಂನ 704 ಯಂತ್ರ ತರಿಸಿಕೊಳ್ಳಲಿದ್ದ ಸಂಸ್ಥೆಗಳವರು ಸೇರಿ ‘ಷೇರ್’ ಎಂಬ ಬಳಗ ಕಟ್ಟಿಕೊಂಡರು. ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಮತ್ತೆ ಬರೆಯುವುದು ದಂಡವೆಂದು ಹಂಚಿಕೊಂಡರು. ಮುಂದೆ ಐಬಿಎಂನ 709 ಯಂತ್ರಕ್ಕೆ ಈ ಬಳಗದ ಹೆಸರಿನದೇ ಒಂದು ಕಾರ್ಯಾಚರಣಾ ವ್ಯವಸ್ಥೆ ಬಂತು. ಯಂತ್ರ ಮಾರಿದವರು ಕೊಂಡವರ ಮಾತು ಕೇಳಲೇಬೇಕಾಯಿತು.

ನಮ್ಮಲ್ಲಿ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾಗಿ ಆಮೇಲೆ ‘ಫಾಸ್ ಡಾಟ್ ಇನ್’ ಆದ ಮುಕ್ತ ತಂತ್ರಾಂಶದ ಸಮಾವೇಶ ಇದೇ ಜಾಡಿನದಾಗಿತ್ತು. ಜಾಲತಾಣ ಕಟ್ಟಲು ವರ್ಡ್‌ಪ್ರೆಸ್ ಬಳಸುವವರ ‘ವರ್ಡ್‌ಕ್ಯಾಂಪ್’ 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾಗಿ ಈಗ ಭಾರತದ ಹಲವು ನಗರಗಳಲ್ಲೂ ನಡೆಯುತ್ತದೆ. ಅಲ್ಲಿ ಭಾಷಣದ ಸಭಾಂಗಣದಷ್ಟೇ ಮುಖ್ಯ ‘ಹ್ಯಾಪಿನೆಸ್ ಬಾರ್’ ಎಂಬ ಮೇಜು. ಲ್ಯಾಪ್‌ಟಾಪ್ ತಂದವರ ಪಕ್ಕ ಬಲ್ಲವರು ಕೂತು ತೊಂದರೆ ಬಿಡಿಸಿಕೊಡುತ್ತಾರೆ. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿಯಲ್ಲಂತೂ ಯಾವ ಹುದ್ದೆಗೆ ಸೇರಿದವರೂ ಆರಂಭದಲ್ಲಿ ಗ್ರಾಹಕರ ದೂರುಗಳಿಗೆ ಉತ್ತರ ಕೊಡುವ ಕೆಲಸ ಮಾಡಬೇಕು. ಲೆಕ್ಕಪತ್ರದವರಿಗೂ ಇದರಿಂದ ವಿನಾಯಿತಿ ಇಲ್ಲ. ನಮ್ಮ ಕಂಪನಿಗಳು ನಕಲು ಮಾಡಬೇಕಾದದ್ದು ಪರದೆಯ ಅಗಲವನ್ನಲ್ಲ, ಈ ನಿಯಮವನ್ನು.

ಕನ್ನಡದ ಮಟ್ಟಿಗೆ ಇನ್ನೊಂದು ಮಾತಿದೆ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿದ್ದು ದೊಡ್ಡ ಕಂಪನಿಗಳ ಕೃಪೆಯಿಂದಲ್ಲ. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು, ಇವೆಲ್ಲ ಭಾಷೆಯ ಮೇಲಿನ ಆಸ್ಥೆಯಿಂದ ಹುಟ್ಟಿದವು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಬೆಳೆಸಿದವರು ಸ್ವಯಂಸೇವಕರು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದೂ ಇದೇ ಸಮುದಾಯಕ್ಕೆ ಬಲ ತಂದಿತು. ಹೀಗಾಗಿ ಕನ್ನಡ ಬಳಕೆದಾರರ ಸಮಾವೇಶಕ್ಕೆ ಬರುವವರಲ್ಲಿ ಕೆಲವರಿಗೆ ಕಂಪನಿಯ ಎಂಜಿನಿಯರಿಗಿಂತ ಹೆಚ್ಚು ಗೊತ್ತಿರುತ್ತದೆ. ಅಗ್ರಹಾರದ ಆ ಹಿರಿಯರಿಗೆ ಕಾಣದ ಸಂಕೇತದ ಹೆಸರು ತಿಳಿಯದಿರಬಹುದು, ಅದು ಎಲ್ಲಿ ಮಾಯವಾಗುತ್ತದೆ ಎಂಬುದನ್ನು ಮಾತ್ರ ಕರಾರುವಾಕ್ಕಾಗಿ ತೋರಿಸಿದ್ದರು. ‘ಸೇವ್ ಮಾಡಿ ತೆಗೆದ್ರೆ’ ಎಂಬ ಅವರ ಮಾತು ಹಿಡಿದೇ ತಪ್ಪಿನ ಜಾಗ ಸಿಕ್ಕಿತು.

ಆದ್ದರಿಂದ ಇಂಥ ಸಮಾವೇಶಕ್ಕೆ ಹೊರಡುವ ನೌಕರರು ಕೆಲವು ಶಿಸ್ತು ಪಾಲಿಸುವುದು ಒಳ್ಳೆಯದು. ಸಹೋದ್ಯೋಗಿಗಳ ಜತೆ ಊಟಕ್ಕೆ ಕೂರಬೇಡಿ, ಅವರು ಆಫೀಸಿನಲ್ಲಿ ದಿನಾ ಸಿಗುತ್ತಾರೆ. ದೂರನ್ನು ಬಳಕೆದಾರರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ, ನಿಮ್ಮ ಪರಿಭಾಷೆಗೆ ಇಳಿಸುವ ಹೊತ್ತಿಗೆ ಅರ್ಧ ಸತ್ಯ ಸೋರಿರುತ್ತದೆ. ‘ಮುಂದಿನ ಆವೃತ್ತಿಯಲ್ಲಿ ಬರುತ್ತೆ’ ಎಂದು ಕೈಯಲ್ಲಿಲ್ಲದ ಮಾತು ಕೊಡಬೇಡಿ. ‘ಸಂಬಂಧಪಟ್ಟವರಿಗೆ ತಲುಪಿಸುತ್ತೇನೆ, ಏನಾಯಿತೆಂದು ನಾನೇ ತಿಳಿಸುತ್ತೇನೆ’ ಎಂದರೆ ಸಾಕು, ಹಾಗೆಯೇ ತಿಳಿಸಿ. ಆಗದ ಕೆಲಸವಾದರೆ ಆಗದು ಎಂದೇ ಹೇಳಿ. ಜನ ಅದನ್ನು ತಾಳಿಕೊಳ್ಳುತ್ತಾರೆ, ಉತ್ತರವೇ ಬಾರದಿರುವುದನ್ನು ತಾಳಿಕೊಳ್ಳುವುದಿಲ್ಲ.

ಕಂಪನಿಗಳೂ ಒಂದು ಕೆಲಸ ಮಾಡಲಿ. ಕೋಡ್ ಬರೆಯುವವರನ್ನೇ ಸಮಾವೇಶಕ್ಕೆ ಕಳಿಸಲಿ, ಮಾರಾಟ ವಿಭಾಗದವರನ್ನು ಮಾತ್ರವಲ್ಲ. ನಮ್ಮಲ್ಲಿ ಸಂಕೇತ ಗುಡಿಸುವ ಆ ಹಂತ ಹೋಯಿತು, ಎಸ್ಸೆಮ್ಮೆಸ್ ಪರದೆ ಈಗ ಕನ್ನಡಕ್ಕೆ 70 ಎಂದೇ ತೋರಿಸುತ್ತದೆ. ಎರಡೂ ದೊಡ್ಡ ಕೆಲಸಗಳಲ್ಲ. ಎದುರಿಗೆ ಕೂತು ಕೇಳಿಸಿಕೊಂಡದ್ದರಿಂದ ಆದ ಕೆಲಸಗಳು, ಅಷ್ಟೆ.

ಇನ್ನು ಓದುಗರಲ್ಲೊಂದು ಮನವಿ. ನೀವು ಬಳಸುವ ತಂತ್ರಾಂಶದ ಕಂಪನಿ ಊರಿಗೆ ಬಂದು ಸಮಾವೇಶ ಮಾಡಿದರೆ ಕೊಟ್ಟ ಚೀಲ, ಟೀ ಶರ್ಟ್ ತೆಗೆದುಕೊಂಡು ಸುಮ್ಮನೆ ವಾಪಸಾಗಬೇಡಿ. ತೊಂದರೆಯನ್ನು ಕನ್ನಡದಲ್ಲೇ ಬರೆದು ತನ್ನಿ, ಮೊಬೈಲಿನಲ್ಲಿ ಚಿತ್ರ ಇಟ್ಟುಕೊಳ್ಳಿ, ಬೇರೆ ಬಣ್ಣದ ಪಟ್ಟಿ ಹಾಕಿದವರನ್ನು ಹಿಡಿದು ನಿಲ್ಲಿಸಿ. ಮರುವರ್ಷವೂ ಹೋಗಿ, ಮೈಕು ಸಿಕ್ಕ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಹೋದ ವರ್ಷ ಹೇಳಿದ್ದೆವಲ್ಲ, ಅದೇನಾಯಿತು?