ದಾರಿ ತಪ್ಪಿದರೆ ಮರವನ್ನು ಅಪ್ಪಿಕೋ

ಕಾಡಿನಲ್ಲಿ ದಾರಿ ತಪ್ಪಿದ ಮಗು ಮೊದಲು ಮಾಡಬೇಕಾದ ಕೆಲಸ ಯಾವುದು? ಸೂರ್ಯನನ್ನು ನೋಡಿ ದಿಕ್ಕು ಹಿಡಿಯುವುದೇ? ಕಲ್ಲು ಉಜ್ಜಿ ಬೆಂಕಿ ಮಾಡುವುದೇ? ಹಳ್ಳದ ಜಾಡಿನಲ್ಲಿ ನಡೆಯುವುದೇ? ಸಾಹಸದ ಕತೆಗಳನ್ನು ಓದಿದವರಿಗೆ ಹೊಳೆಯುವುದು ಇಂಥವೇ. ಆದರೆ ಅಮೆರಿಕ, ಕೆನಡಗಳಲ್ಲಿ ಎಳೆಯ ಮಕ್ಕಳಿಗೆ ಕಾಡಿನ ಸುರಕ್ಷತೆಯ ಬಗ್ಗೆ ಹೇಳಿಕೊಡುವ ಹೆಸರಾಂತ ಪಾಠವೊಂದು ಇವನ್ನೆಲ್ಲ ಬದಿಗಿಡುತ್ತದೆ. ದಾರಿ ತಪ್ಪಿತೆಂದು ಗೊತ್ತಾದ ಕೂಡಲೇ ಹತ್ತಿರದ ಮರವೊಂದನ್ನು ಅಪ್ಪಿಕೊಂಡು ಅಲ್ಲೇ ನಿಲ್ಲಬೇಕು. ಮೊದಲ ಪಾಠ ಇಷ್ಟೇ.

ಇಷ್ಟು ಸರಳವಾದ ಮಾತಿಗೆ ಬಂದು ತಲುಪಲು ಬೇಸಿಗೆ ಶಿಬಿರಗಳ ಲೋಕಕ್ಕೆ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. 1861ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಶಾಲಾ ಮಾಸ್ತರ ಫ್ರೆಡರಿಕ್ ಗನ್ ತನ್ನ ಹುಡುಗರನ್ನು ನಡೆಸಿಕೊಂಡು ಹೋಗಿ ಸಮುದ್ರದ ದಂಡೆಯಲ್ಲಿ ಡೇರೆ ಹಾಕಿಸಿದ. ಆಗಷ್ಟೇ ಅಂತರ್ಯುದ್ಧ ಶುರುವಾಗಿತ್ತು; ಸೈನಿಕರಂತೆ ಬಯಲಲ್ಲಿ ಮಲಗುವ ಆಸೆ ಹುಡುಗರಿಗಿತ್ತು. ಅಮೆರಿಕದ ಬೇಸಿಗೆ ಶಿಬಿರಗಳ ಮೊದಲನೆಯದೆಂದು ಇದನ್ನೇ ಹೇಳುವುದು ವಾಡಿಕೆ. ಮುಂದೆ ಪಟ್ಟಣಗಳು ಬೆಳೆದಂತೆಲ್ಲ, ಅಲ್ಲಿನ ಮಕ್ಕಳು ಮೆತ್ತಗಾಗುತ್ತಿದ್ದಾರೆಂಬ ಹಿರಿಯರ ಅಳಲೂ ಬೆಳೆಯಿತು. ಜೊತೆಗೆ ಶಿಬಿರಗಳೂ ಹೆಚ್ಚಿದವು.

ಇವುಗಳಿಗೆ ಒಂದು ಪಠ್ಯಕ್ರಮ ಕೊಟ್ಟವನು ಚಿತ್ರಕಾರ, ಪ್ರಾಣಿಕತೆಗಳ ಲೇಖಕ ಅರ್ನೆಸ್ಟ್ ಥಾಮ್ಸನ್ ಸೆಟನ್. ಕನೆಕ್ಟಿಕಟ್‌ನಲ್ಲಿ ಅವನು ಜಮೀನು ಕೊಂಡು ಬೇಲಿ ಹಾಕಿದಾಗ ಊರಿನ ಹುಡುಗರು ಅದನ್ನು ಹಾಳುಗೆಡವಿದರು. ಸೆಟನ್ ಪೊಲೀಸರ ಬಳಿ ಹೋಗಲಿಲ್ಲ. 1902ರಲ್ಲಿ ಅದೇ ಹುಡುಗರನ್ನು ತನ್ನ ಜಮೀನಿಗೇ ಕರೆದು ಡೇರೆಗಳಲ್ಲಿ ಇಳಿಸಿದ. ಬೆಂಕಿಯ ಸುತ್ತ ಕೂರಿಸಿ ಕತೆ ಹೇಳಿದ. ತಮ್ಮ ನಾಯಕರನ್ನು ತಾವೇ ಆರಿಸಿಕೊಳ್ಳಲು ಬಿಟ್ಟ. ಅವನ ಪದ್ಧತಿಯಲ್ಲಿ ಇನ್ನೊಬ್ಬನನ್ನು ಸೋಲಿಸಿದರೆ ಬಹುಮಾನವಿಲ್ಲ. ನಿಗದಿಯಾದ ಮಟ್ಟವನ್ನು ಮುಟ್ಟಿದ ಪ್ರತಿಯೊಬ್ಬನಿಗೂ ಗೌರವ ಸಲ್ಲುತ್ತಿತ್ತು. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಪ್ರಯೋಗ ಶಿಬಿರದಿಂದ ಸ್ಕೌಟ್ ಚಳವಳಿ ಹುಟ್ಟಿತು. ಅದರ ಮೇಲೆ ಸೆಟನ್‌ನ ಪ್ರಭಾವವೂ ಇತ್ತು. 1909ರ ಹೊತ್ತಿಗೆ ಸ್ಕೌಟ್ ದಳ ಬೆಂಗಳೂರಿಗೂ ಬಂದಿತ್ತು.

ಈ ಕತೆಗೆ ಒಂದು ಕಹಿ ಮಗ್ಗುಲೂ ಇದೆ. ಸೆಟನ್ ತನ್ನ ಶಿಬಿರಕ್ಕೆ ಮಾದರಿಯಾಗಿ ಹಿಡಿದದ್ದು ಅಮೆರಿಕದ ಮೂಲನಿವಾಸಿಗಳ ಬದುಕನ್ನು. ಪಟ್ಟಣದ ಬಿಳಿಯ ಹುಡುಗರು ರಜೆಯಲ್ಲಿ ಗರಿ ಸಿಕ್ಕಿಸಿಕೊಂಡು ಹೆಜ್ಜೆಗುರುತು ಓದಲು ಕಲಿಯುತ್ತಿದ್ದ ವರ್ಷಗಳಲ್ಲೇ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ದೂರದ ವಸತಿಶಾಲೆಗಳಿಗೆ ಒಯ್ದು, ಕೂದಲು ಕತ್ತರಿಸಿ, ಅವರ ನುಡಿಯನ್ನು ಬಿಡಿಸಲಾಗುತ್ತಿತ್ತು. ಪೆನ್ಸಿಲ್ವೇನಿಯದ ಕಾರ್ಲೈಲ್ ಶಾಲೆ 1879ರಿಂದ 1918ರವರೆಗೆ ಮಾಡಿದ್ದು ಇದನ್ನೇ. ಕಾಡಿನ ವಿದ್ಯೆಯನ್ನು ಅದರ ವಾರಸುದಾರರಿಂದ ಕಿತ್ತುಕೊಂಡು, ಬೇರೆಯವರಿಗೆ ರಜೆಯ ಆಟವಾಗಿ ಕೊಟ್ಟಂತಾಯಿತು.

ಆ ವಿದ್ಯೆ ತನ್ನ ಮನೆಯಲ್ಲಿ ಹೇಗಿತ್ತೆಂಬುದಕ್ಕೆ ಡಕೋಟ ಜನಾಂಗದ ಚಾರ್ಲ್ಸ್ ಈಸ್ಟ್‌ಮನ್ ಸಾಕ್ಷಿ. 1858ರಲ್ಲಿ ಹುಟ್ಟಿದ ಈತ ತಾಯಿಯಿಲ್ಲದ ತಬ್ಬಲಿ. ಸಾಕಿದವಳು ಅಜ್ಜಿ, ತಿದ್ದಿದವನು ಚಿಕ್ಕಪ್ಪ. ಇವತ್ತು ಕಣ್ಣಿಗೆ ಬಿದ್ದದ್ದನ್ನೆಲ್ಲ ಚೆನ್ನಾಗಿ ನೋಡು ಎಂದು ಚಿಕ್ಕಪ್ಪ ಬೆಳಿಗ್ಗೆ ಕಳಿಸುತ್ತಿದ್ದ; ಸಂಜೆ ಮರಳಿದಾಗ ಮರದ ತೊಗಟೆ, ಹಕ್ಕಿ, ಕೊಳ ಎಂದು ಒಂದೊಂದರ ಬಗ್ಗೆಯೂ ಪ್ರಶ್ನೆ ಹಾಕುತ್ತಿದ್ದ. ಮುಂದೆ ವೈದ್ಯನೂ ಲೇಖಕನೂ ಆದ ಈಸ್ಟ್‌ಮನ್ 1914ರಲ್ಲಿ ಸ್ಕೌಟ್ ಮಕ್ಕಳಿಗಾಗಿ ಪುಸ್ತಕ ಬರೆದ; 1915ರಲ್ಲಿ ಕುಟುಂಬದೊಡನೆ ನ್ಯೂಹ್ಯಾಂಪ್‌ಶೈರ್‌ನಲ್ಲಿ ತಾನೇ ಒಂದು ಬೇಸಿಗೆ ಶಿಬಿರ ತೆರೆದ. ಅವನ ಬಾಲ್ಯದಲ್ಲಿ ಕಾಡಿನ ಪಾಠ ಸಾಹಸದಿಂದ ಶುರುವಾಗಿರಲಿಲ್ಲ, ನೋಡುವುದರಿಂದ ಶುರುವಾಗಿತ್ತು.

ಶಿಬಿರಗಳ ಪಾಠಪಟ್ಟಿಯಲ್ಲಿ ಮಾತ್ರ ಸಾಹಸಕ್ಕೇ ಹೆಚ್ಚು ಜಾಗ ಸಿಕ್ಕಿತ್ತು. ಕಣ್ಣು ತೆರೆಸಿದ್ದು ಒಂದು ಸಾವು. 1981ರಲ್ಲಿ ಕ್ಯಾಲಿಫೋರ್ನಿಯದ ಪಾಲೊಮರ್ ಬೆಟ್ಟದಲ್ಲಿ ಮನೆಯವರೊಡನೆ ಬಂದಿದ್ದ ಒಂಬತ್ತು ವರ್ಷದ ಹುಡುಗ ಕಾಲುದಾರಿಯಲ್ಲಿ ತಪ್ಪಿಸಿಕೊಂಡ. ನೂರಾರು ಜನ ದಿನಗಟ್ಟಲೆ ಹುಡುಕಿದರು. ಸಿಕ್ಕಾಗ ಅವನು ಚಳಿಯಲ್ಲಿ ಮೈ ತಣ್ಣಗಾಗಿ ಸತ್ತಿದ್ದ. ಹುಡುಕಾಟದಲ್ಲಿದ್ದ ಆಬ್ ಟೇಲರ್, ಹೆಜ್ಜೆಗುರುತು ಹಿಡಿಯುವುದರಲ್ಲಿ ಪಳಗಿದ ಗಡಿ ಕಾವಲು ಅಧಿಕಾರಿ. ಮಗುವಿಗೆ ನಾಲ್ಕು ಮಾತು ಗೊತ್ತಿದ್ದರೆ ಬದುಕುತ್ತಿತ್ತಲ್ಲ ಎಂಬ ಸಂಕಟದಿಂದ ಅವನೂ ಗೆಳೆಯರೂ ರೂಪಿಸಿದ್ದೇ ‘ಹಗ್ ಎ ಟ್ರೀ’, ಅಂದರೆ ‘ಮರವನ್ನು ಅಪ್ಪಿಕೋ’ ಎಂಬ ಪಾಠ. ಅಪ್ಪಿಕೋ ಎಂದರೆ ಕನ್ನಡಿಗರಿಗೆ ನೆನಪಾಗುವುದು 1983ರಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಜನ ನಡೆಸಿದ ಚಳವಳಿ. ಅಲ್ಲಿ ಜನ ಅಪ್ಪಿದ್ದು ಮರವನ್ನು ಉಳಿಸಲು; ಇಲ್ಲಿ ಅಪ್ಪುವುದು ಮಗು ಉಳಿಯಲೆಂದು.

ನಿಂತಲ್ಲೇ ನಿಲ್ಲಬೇಕೇಕೆ? ಲೆಕ್ಕ ಸುಲಭ. ಮಗು ಒಂದು ಕಿಲೋಮೀಟರಿನೊಳಗೆ ಇದ್ದರೆ ಹುಡುಕಬೇಕಾದ ವೃತ್ತ ಸುಮಾರು 3 ಚದರ ಕಿಲೋಮೀಟರು. ಎರಡು ಕಿಲೋಮೀಟರು ನಡೆದರೆ ಅದು 12ಕ್ಕೂ ಹೆಚ್ಚು, ಮೂರು ನಡೆದರೆ 28. ಹೆದರಿ ಓಡುವ ಪ್ರತಿ ಹೆಜ್ಜೆಯೂ ಹುಡುಕುವವರ ಕೆಲಸವನ್ನು ಹಿಗ್ಗಿಸುತ್ತದೆ. ಮರವನ್ನು ತಬ್ಬಿಕೊಂಡ ಮಗುವಿಗೆ ಒಂದು ಜೊತೆಯೂ ಸಿಗುತ್ತದೆ. ಬೇಕಾದರೆ ಅದರೊಡನೆ ಮಾತಾಡು ಎಂದೇ ಹೇಳಿಕೊಡುತ್ತಾರೆ. ಜೊತೆಗೆ ಒಂದು ವಿಷಲ್, ಕಸ ತುಂಬುವ ದೊಡ್ಡ ಪ್ಲಾಸ್ಟಿಕ್ ಚೀಲ. ಚೀಲಕ್ಕೆ ಮುಖ ಕಾಣುವಷ್ಟು ಕಿಂಡಿ ಮಾಡಿ ತಲೆಯಿಂದ ಹಾಕಿಕೊಂಡರೆ ಮಳೆಗಾಳಿಗೆ ಮೈ ನೆನೆಯದು. ವಿಷಲ್ ಊದಿದರೆ ಸದ್ದು ಕೂಗಿಗಿಂತ ದೂರ ಹೋಗುತ್ತದೆ, ಗಂಟಲೂ ಒಣಗುವುದಿಲ್ಲ. ತಂದೆ ತಾಯಿಗೂ ಪಾಠವಿದೆ: ಹೊರಡುವ ಮುನ್ನ ಟವೆಲ್ಲಿನ ಮೇಲೆ ಅಲ್ಯುಮಿನಿಯಂ ಹಾಳೆ ಹಾಸಿ ಮಗುವಿನ ಬೂಟಿನ ಅಚ್ಚು ತೆಗೆದಿಟ್ಟುಕೊಳ್ಳಬೇಕು. ಹೆಜ್ಜೆ ಹುಡುಕುವವರಿಗೆ ಅದೇ ದೀಪ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಎರಡು ಭರವಸೆಗಳು. ಕಳೆದುಹೋದದ್ದಕ್ಕೆ ಯಾರೂ ಬೈಯುವುದಿಲ್ಲ. ಹೆಸರು ಹಿಡಿದು ಕೂಗುತ್ತ ಬರುವವರು ಅಪರಿಚಿತರಾದರೂ ಗೆಳೆಯರೇ. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಏನಾಗುತ್ತದೆಂದು 2005ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಕಂಡುಬಂತು. ಸ್ಕೌಟ್ ಶಿಬಿರಕ್ಕೆ ಬಂದಿದ್ದ ಹನ್ನೊಂದು ವರ್ಷದ ಹುಡುಗನೊಬ್ಬ ಪರ್ವತದ ಕಾಡಿನಲ್ಲಿ ನಾಲ್ಕು ದಿನ ಕಳೆದುಹೋಗಿದ್ದ. ಹುಡುಕುವವರು ಬಂದಾಗ ಅವನು ದಾರಿಯಿಂದ ಸರಿದು ಅವಿತುಕೊಂಡಿದ್ದ. ಅಪರಿಚಿತರೊಡನೆ ಮಾತಾಡಬಾರದೆಂದು ಮನೆಯಲ್ಲಿ ಕಲಿಸಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದ! ಪುಣ್ಯಕ್ಕೆ ಜೀವಂತ ಸಿಕ್ಕ.

ಹಾಗೆಂದು ಬೆಂಕಿ, ಚಾಕು, ಗಂಟುಗಳ ಪಾಠ ಶಿಬಿರಗಳಿಂದ ಮಾಯವಾಗಿಲ್ಲ. ಚಾಕು ಹಿಡಿಯುವ ಮೊದಲು ಕೈಚಾಚಿ ಸುತ್ತ ತಿರುಗಿ ಯಾರಿಗೂ ತಾಗುವುದಿಲ್ಲವೆಂದು ನೋಡಿಕೊಳ್ಳಬೇಕು, ಕೂತೇ ಕೆತ್ತಬೇಕು, ಅಲಗು ಮೈಯಿಂದ ಆಚೆಗೆ ಸಾಗಬೇಕು. ನಡೆಯುವಾಗ ಆಗಾಗ ಹಿಂತಿರುಗಿ ನೋಡಬೇಕು. ಹೋಗುವಾಗಿನ ದಾರಿಗೂ ಬರುವಾಗಿನ ದಾರಿಗೂ ಮುಖವೇ ಬೇರೆ. ಚಿಕ್ಕಪ್ಪನ ಸಂಜೆಯ ಪ್ರಶ್ನೆಗಳು ಹೀಗೆ ಬೇರೆ ರೂಪದಲ್ಲಿ ಉಳಿದುಕೊಂಡಿವೆ.

ಆದರೆ ಎರಡು ವಾರದ ಶಿಬಿರಕ್ಕೂ ಹುಟ್ಟಿನಿಂದ ಬಂದ ತಿಳಿವಿಗೂ ಅಂತರವಿದ್ದೇ ಇದೆ. 2023ರ ಮೇ 1ರಂದು ಕೊಲಂಬಿಯದ ಅಮೆಜಾನ್ ಕಾಡಿನಲ್ಲಿ ಸಣ್ಣ ವಿಮಾನವೊಂದು ಬಿತ್ತು. ಉಳಿದವರು ಉಯಿಟೊಟೊ ಜನಾಂಗದ ನಾಲ್ವರು ಮಕ್ಕಳು. ದೊಡ್ಡವಳಿಗೆ ಹದಿಮೂರು, ಕೊನೆಯದು ಹನ್ನೊಂದು ತಿಂಗಳ ಕೂಸು. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು, ಕಾಡಿನ ಹಣ್ಣು ಬೀಜಗಳನ್ನು ತಿಂದು ಅವರು ನಲವತ್ತು ದಿನ ಬದುಕಿದರು. ಯಾವುದು ತಿನ್ನುವ ಕಾಯಿ, ಯಾವುದು ವಿಷ ಎಂಬುದು ಹಿರಿಯಳಿಗೆ ಮನೆಯಲ್ಲೇ, ಅಜ್ಜಿಯ ಜೊತೆ ಓಡಾಡುತ್ತ ತಿಳಿದಿತ್ತು. ಹಸುಗೂಸನ್ನು ಎತ್ತಿಕೊಂಡು ನಡೆದವಳೂ ಅವಳೇ. ಜೂನ್ 9ರಂದು ಸೈನಿಕರೊಡನೆ ಹುಡುಕುತ್ತಿದ್ದ ಮೂಲನಿವಾಸಿಗಳು ಅವರನ್ನು ಕಂಡರು. ಕಾಡು ಬಲ್ಲ ಮಕ್ಕಳನ್ನು ಕಾಡು ಬಲ್ಲ ಹಿರಿಯರೇ ಪತ್ತೆಹಚ್ಚಿದರು.

ಆ ಹುಡುಕಾಟದಲ್ಲಿ ಸೈನ್ಯ ಒಂದು ಉಪಾಯ ಮಾಡಿತ್ತು. ಅಜ್ಜಿಯ ದನಿಯನ್ನು ಮುದ್ರಿಸಿಕೊಂಡು ಹೆಲಿಕಾಪ್ಟರಿನ ಧ್ವನಿವರ್ಧಕದಿಂದ ಕಾಡಿನ ಮೇಲೆ ಕೇಳಿಸಿತು. ಕಾಡಿನ ವಿದ್ಯೆಯನ್ನೆಲ್ಲ ಕಲಿಸಿದ್ದ ಮುದುಕಿ ಮಕ್ಕಳಿಗೆ ಅವರ ನುಡಿಯಲ್ಲಿ ಹೇಳಿದ್ದು ಒಂದೇ ಮಾತು: ನಿಮ್ಮನ್ನು ಹುಡುಕುತ್ತಿದ್ದಾರೆ, ಮುಂದೆ ಹೋಗದೆ ಇದ್ದಲ್ಲೇ ಇರಿ ಎಂದು.