ಕೊಪ್ಪ ಇದೆ, ಕೊಪ್ಪ ಇಲ್ಲ

ಮದ್ದೂರಿನ ನನ್ನ ಸ್ನೇಹಿತನೊಬ್ಬ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಮಳೆ ಲೆಕ್ಕವನ್ನು ಹೋಬಳಿಗೊಂದು ಫೈಲ್ ಮಾಡಿ ಇಟ್ಟುಕೊಂಡಿದ್ದಾನೆ. ಫೈಲ್‌ಗಳ ಹೆಸರು ಕನ್ನಡದಲ್ಲೇ. ಎಲ್ಲವನ್ನೂ ಓದಿ ತಿಂಗಳ ಮೊತ್ತ ಹಾಕುವ ಪುಟ್ಟ ಪ್ರೋಗ್ರಾಂ ಕೂಡ ಅವನದೇ. ಅವನ ಅಣ್ಣನ ಹಳೆಯ ಮ್ಯಾಕ್‌ನಲ್ಲಿದ್ದ ಫೈಲ್‌ಗಳನ್ನು ಜಿಪ್ ಮಾಡಿ ತಂದು ತನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಬಿಚ್ಚಿದ ದಿನ ತಕರಾರು ಶುರುವಾಯಿತು. ಬಸರಾಳು, ದುದ್ದ, ಆತಗೂರು, ಹಲಗೂರು, ಕಿರುಗಾವಲು ಸಲೀಸಾಗಿ ತೆರೆದವು. ಕೊಪ್ಪ, ಕೊತ್ತತ್ತಿ, ಕೆರಗೋಡು, ಬೊಪ್ಪೇಗೌಡನಪುರಕ್ಕೆ ಬಂದರೆ ‘ಅಂಥ ಫೈಲ್ ಇಲ್ಲ’ ಎಂಬ ಉತ್ತರ.

“ಕಣ್ಮುಂದೇ ಅದೆ ಕಣಣ್ಣ, ಇಲ್ಲ ಅಂತದೆ” ಎಂದ. ನಿಜ. ಫೋಲ್ಡರ್ ತೆರೆದರೆ ‘ಕೊಪ್ಪ’ ಎಂದು ಚೆನ್ನಾಗಿ ಕಾಣುತ್ತಿತ್ತು.

ಇಂಥ ಹೊತ್ತಿನಲ್ಲಿ ಪ್ರೋಗ್ರಾಂ ಏನು ಹೇಳುತ್ತದೆ ಎನ್ನುವುದಕ್ಕಿಂತ ಅದು ಏನು ಕೇಳಿತು ಎಂದು ನೋಡಬೇಕು. ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಇದನ್ನು ವಿವರಿಸುವುದು ಸುಲಭ. ಗದ್ದೆಗೆ ನೀರು ಬೇಕಾದರೆ ರೈತ ತಾನೇ ಹೋಗಿ ತೂಬು ಎತ್ತುವಂತಿಲ್ಲ, ನೀರುಗಂಟಿಯನ್ನು ಕೇಳಬೇಕು. ಕಂಪ್ಯೂಟರ್‌ನ ನೀರುಗಂಟಿ ಎಂದರೆ ಕರ್ನಲ್. ಫೈಲ್ ತೆರೆಯುವುದು, ಓದುವುದು, ಪರದೆಗೆ ಬರೆಯುವುದು, ಇಷ್ಟಕ್ಕೂ ಪ್ರೋಗ್ರಾಂ ಅದರ ಮುಂದೆ ಹೋಗಿ ನಿಲ್ಲಬೇಕು. ಹಾಗೆ ಕೇಳುವುದಕ್ಕೆ ಸಿಸ್ಟಮ್ ಕಾಲ್ ಎಂದು ಹೆಸರು. ತೂಬಿನ ಪಕ್ಕ ಪುಸ್ತಕ ಹಿಡಿದು ಕೂತು ಯಾರು ಏನು ಕೇಳಿದರು, ಏನು ಉತ್ತರ ಸಿಕ್ಕಿತು ಎಂದು ಒಂದೊಂದೂ ಸಾಲಾಗಿ ಬರೆದುಕೊಳ್ಳುವ ಸಲಕರಣೆ ‘ಎಸ್‌ಟ್ರೇಸ್’. ಪಾಲ್ ಕ್ರಾನೆನ್‌ಬರ್ಗ್ 1991ರಲ್ಲಿ ಸನ್‌ಒಎಸ್‌ಗಾಗಿ ಬರೆದದ್ದು, ಆಮೇಲೆ ಲಿನಕ್ಸ್‌ಗೆ ಬಂದು ಅಲ್ಲೇ ಬೇರು ಬಿಟ್ಟಿತು.

ಆದರೆ ಲೆಕ್ಕ ಬರೆಯುವವನನ್ನು ಕೂರಿಸುವುದೇ ಮೊದಲ ಕಷ್ಟ. ಓಡುತ್ತಿದ್ದ ಪ್ರೋಗ್ರಾಂಗೆ ಎಸ್‌ಟ್ರೇಸ್ ಅಂಟಿಸಲು ಹೋದರೆ ‘ಅನುಮತಿ ಇಲ್ಲ’ ಎಂದಿತು. ಅವನ ಲ್ಯಾಪ್‌ಟಾಪ್‌ನಲ್ಲಿದ್ದದ್ದು ಉಬುಂಟು. ಅದರಲ್ಲಿ 2010ರ ಆವೃತ್ತಿಯಿಂದಲೂ ಒಂದು ಕಾವಲಿದೆ: ತಾನೇ ಹುಟ್ಟಿಸಿದ ಪ್ರೋಗ್ರಾಂ ಅಲ್ಲದೆ ಬೇರೆಯದರ ಒಳಗೆ ಸಾಮಾನ್ಯ ಬಳಕೆದಾರ ಇಣುಕುವಂತಿಲ್ಲ. ಈ ಕಾವಲು ಇರಲೇಬೇಕು. ಇಲ್ಲದಿದ್ದರೆ ಯಾವುದೋ ಕಿಡಿಗೇಡಿ ಪ್ರೋಗ್ರಾಂ ನಮ್ಮ ಬ್ರೌಸರ್‌ನ ಒಳಹೊಕ್ಕು ಪಾಸ್‌ವರ್ಡ್ ಓದಿಬಿಡಬಹುದು. ಅದನ್ನು ತೆಗೆಯುವ ಬದಲು ಪ್ರೋಗ್ರಾಮನ್ನು ನಿಲ್ಲಿಸಿ, ಎಸ್‌ಟ್ರೇಸ್‌ನ ಕೈಯಿಂದಲೇ ಮತ್ತೆ ಹೊರಡಿಸಿದೆವು.

ಎರಡನೆಯ ತೊಡಕು ನನ್ನದೇ ಅಭ್ಯಾಸದ್ದು. ಸಾವಿರಾರು ಸಾಲು ಬರುತ್ತವೆಂದು, ಫೈಲ್ ತೆರೆಯುವ ‘ಓಪನ್’ ಕರೆಗಳನ್ನಷ್ಟೇ ತೋರಿಸು ಎಂದೆ. ಒಂದು ಸಾಲೂ ಬರಲಿಲ್ಲ. ಹಳೆಯ ಲಿನಕ್ಸ್‌ನಲ್ಲಿ ಇದೇ ಆಜ್ಞೆ ಪುಟಗಟ್ಟಲೆ ಸುರಿಯುತ್ತಿತ್ತು. ಪ್ರೋಗ್ರಾಂಗಳ ಕೋರಿಕೆಯನ್ನು ಕರ್ನಲ್‌ಗೆ ಮುಟ್ಟಿಸುವ ಲೈಬ್ರರಿಯ 2017ರ ಆವೃತ್ತಿಯಾದ ಜಿಲಿಬ್‌ಸಿ 2.26ರಿಂದ ಈಚೆಗೆ ಪ್ರೋಗ್ರಾಂಗಳು ‘ಓಪನ್’ ಎಂದು ಕರೆದರೂ ಕರ್ನಲ್‌ಗೆ ತಲುಪುವುದು ‘ಓಪನ್‌ಆಟ್’. 64 ಬಿಟ್‌ನ ಆರ್ಮ್ ಯಂತ್ರಗಳಲ್ಲಂತೂ ‘ಓಪನ್’ ಎಂಬ ಕರೆಯೇ ಇಲ್ಲ. ಕರೆಗಳ ಸಂಖ್ಯೆಯೂ ಯಂತ್ರಕ್ಕೊಂದು: ‘ರೈಟ್’ ಎಂಬ ಒಂದೇ ಕರೆ ಹಳೆಯ 32 ಬಿಟ್ ಇಂಟೆಲ್‌ನಲ್ಲಿ 4, ಇಂದಿನ 64 ಬಿಟ್ ಪಿಸಿಯಲ್ಲಿ 1, 64 ಬಿಟ್ ಆರ್ಮ್‌ನಲ್ಲಿ 64. ಒಂದು ಕಡೆ ಕಲಿತ ಆಜ್ಞೆ ಇನ್ನೊಂದು ಕಡೆ ಖಾಲಿ ಪುಟ ಕೊಟ್ಟರೆ ಏನೂ ನಡೆದಿಲ್ಲ ಎಂದು ತಿಳಿಯಬಾರದು, ಬೇರೆ ಹೆಸರಿನಲ್ಲಿ ನಡೆದಿರುತ್ತದೆ.

‘ಓಪನ್‌ಆಟ್’ ಎಂದು ತಿದ್ದಿದ ಮೇಲೆ ಸಾಲುಗಳು ಬಂದವು, ಕನ್ನಡ ಮಾತ್ರ ಒಂದಕ್ಷರವೂ ಕಾಣಲಿಲ್ಲ. ಇಂಗ್ಲಿಷ್ ಅಲ್ಲದ ಅಕ್ಷರವನ್ನು ಎಸ್‌ಟ್ರೇಸ್ ಎಂಟರ ಪದ್ಧತಿಯ ಅಂಕಿಗಳಲ್ಲಿ ತೋರಿಸುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಕ’ ಎಂದರೆ 340 262 225. ಪ್ರೋಗ್ರಾಂ ಕೇಳಿದ ಕೊಪ್ಪದಲ್ಲಿ ಅದರ ಮುಂದೆ 340 263 212 ಇತ್ತು. ಅದು ಒತ್ವದ ಚಿಹ್ನೆ.

ಹಾಗಾದರೆ ಡಿಸ್ಕ್‌ನಲ್ಲಿ ಇರುವುದೇನು? ಹೆಸರುಗಳನ್ನು ಪಟ್ಟಿ ಮಾಡುವ ‘ಎಲ್‌ಎಸ್’ ಆಜ್ಞೆಯನ್ನೂ ಎಸ್‌ಟ್ರೇಸ್ ಅಡಿಯಲ್ಲಿ ಓಡಿಸಿದೆವು. ಅದು ಪರದೆಗೆ ಬರೆದ ಸಾಲು ಅರ್ಧಕ್ಕೇ ನಿಂತಿತು. ತಾನಾಗಿ ಬಿಟ್ಟರೆ ಎಸ್‌ಟ್ರೇಸ್ ತೋರಿಸುವುದು 32 ಬೈಟ್ ಮಾತ್ರ. ಇಂಗ್ಲಿಷಿಗೆ ಅದು 32 ಅಕ್ಷರ, ಕನ್ನಡಕ್ಕೆ ಹತ್ತೇ ಸಂಕೇತ. ಮಿತಿ ಹೆಚ್ಚಿಸಿದ ಮೇಲೆ ಡಿಸ್ಕ್‌ನ ಕೊಪ್ಪ ಪೂರ್ತಿ ಸಿಕ್ಕಿತು. ‘ಕ’ ಆದ ಮೇಲೆ ಅಲ್ಲಿ 340 263 206, ಅದರ ಬೆನ್ನಿಗೆ 340 263 202. ಮೊದಲನೆಯದು ಎತ್ವ, ಎರಡನೆಯದು ಊಕಾರದ ಕೊಂಬು. ಪ್ರೋಗ್ರಾಂ ಕೇಳಿದ ಕೊಪ್ಪ 15 ಬೈಟ್, ಡಿಸ್ಕ್‌ನಲ್ಲಿದ್ದ ಕೊಪ್ಪ 18.

ನನ್ನ ಸ್ನೇಹಿತ ಒಂದು ಚೀಟಿ ತೆಗೆದುಕೊಂಡು ಪೆನ್ನಿನಲ್ಲಿ ನಿಧಾನವಾಗಿ ‘ಕೊ’ ಬರೆದ. ಮೊದಲು ಎತ್ವ, ಆಮೇಲೆ ಪಕ್ಕದಲ್ಲಿ ಕೊಂಬು. ಕೈ ಎರಡು ಹೆಜ್ಜೆಯಲ್ಲೇ ಬರೆಯುತ್ತದೆ. ಯೂನಿಕೋಡ್ ಎರಡನ್ನೂ ಒಪ್ಪುತ್ತದೆ: ಒತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಬಿಡಿಸಿ ಎರಡಾಗಿಯೂ ಇಡಬಹುದು, ಅರ್ಥ ಒಂದೇ. ಓತ್ವ ಬಿಡಿಸಿದರೆ ಮೂರು, ಕೊನೆಯದು ದೀರ್ಘ. ಈ, ಏ, ಐ ಸ್ವರಚಿಹ್ನೆಗಳೂ ಹೀಗೆ ಒಡೆಯುತ್ತವೆ. ಉ, ಊ, ಆ, ಇ, ಎ, ಔ ಚಿಹ್ನೆಗಳು ಒಡೆಯುವುದಿಲ್ಲ. ಹಲಗೂರು ಕಿರುಗಾವಲುಗಳಿಗೆ ಏನೂ ಆಗದೆ ಕೊತ್ತತ್ತಿ ಕೆರಗೋಡುಗಳು ಸಿಕ್ಕಿಬಿದ್ದದ್ದು ಇದರಿಂದಲೇ.

ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ 1998ರ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಟ್ಟುಕೊಳ್ಳುತ್ತದೆ. ನೀವು ಯಾವ ರೂಪದಲ್ಲಿ ಕೇಳಿದರೂ ಹೊಂದಿಸಿ ಹುಡುಕಿಕೊಡುತ್ತದೆ. ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆಗೆ ಹೆಸರೆಂದರೆ ಬೈಟ್‌ಗಳ ಸಾಲು, ಕೊಟ್ಟದ್ದನ್ನು ಹಾಗೆಯೇ ಇಡುತ್ತದೆ. ಎರಡೂ ತಮ್ಮ ನೆಲದಲ್ಲಿ ಸರಿ. ಜಿಪ್ ದಾರಿಯಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿದಾಗ ಹೆಸರು ತಪ್ಪುತ್ತದೆ.

ಖಾತ್ರಿಗಾಗಿ ಮ್ಯಾಕ್‌ನಲ್ಲೂ ನೋಡೋಣವೆಂದರೆ ಅಲ್ಲಿ ಎಸ್‌ಟ್ರೇಸ್ ಇಲ್ಲ. ಅಲ್ಲಿರುವುದು 2005ರಲ್ಲಿ ಸೊಲಾರಿಸ್ 10ರ ಜೊತೆ ಬಂದ ಡಿಟ್ರೇಸ್‌ನ ವಂಶದ ‘ಡಿಟ್ರಸ್’. ಅದಕ್ಕೆ ಆಡಳಿತಗಾರನ ಅಧಿಕಾರ ಬೇಕು, ಅದು ಇದ್ದರೂ 2015ರಿಂದ ಬಂದ ವ್ಯವಸ್ಥಾ ರಕ್ಷಣೆ ಮ್ಯಾಕ್‌ನದೇ ಪ್ರೋಗ್ರಾಂಗಳ ಜಾಡು ಹಿಡಿಯಲು ಬಿಡುವುದಿಲ್ಲ. ನಾವು ಅಷ್ಟು ದೂರ ಹೋಗಲಿಲ್ಲ.

“ಇಂಗ್ಲಿಷಲ್ಲೇ ಹೆಸ್ರು ಇಟ್ಬುಡ್ಲಾ ಅಣ್ಣ?” ಎಂದು ಕೇಳಿದ. ಬೇಡ ಎಂದೆ, ಸ್ವಲ್ಪ ಜೋರಾಗಿಯೇ. ಮೂರು ಬೈಟ್ ಹೆಚ್ಚುಕಮ್ಮಿಯಾಯಿತೆಂದು ಊರಿನ ಹೆಸರನ್ನು ಬೇರೆ ಲಿಪಿಗೆ ದಾಟಿಸಬೇಕಾಗಿಲ್ಲ. ಕನ್ನಡದ ಫೈಲ್ ಹೆಸರು ಕೈಕೊಟ್ಟಾಗಲೆಲ್ಲ ಹೀಗೆ ಸುಮ್ಮನೆ ಇಂಗ್ಲಿಷಿಗೆ ಸರಿದವರನ್ನು ನಾನು ಬಹಳ ನೋಡಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ಬಿಡಿಸಿದ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ತರುವ ‘ಕನ್ವ್‌ಎಂವಿ’ ಎಂಬ ಸಣ್ಣ ಸಲಕರಣೆಯಿದೆ. ಅದನ್ನು ಫೋಲ್ಡರ್ ಮೇಲೆ ಒಮ್ಮೆ ಓಡಿಸಿದೆವು. ಪ್ರೋಗ್ರಾಂನಲ್ಲೂ ಒಂದು ಸಾಲು ಸೇರಿಸಿ, ಹೆಸರುಗಳನ್ನು ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವಂತೆ ಮಾಡಿದೆವು.

ಮತ್ತೆ ಎಸ್‌ಟ್ರೇಸ್ ಹಾಕಿ ಕೂತೆವು. ಬೊಪ್ಪೇಗೌಡನಪುರದ ಉದ್ದನೆಯ ಅಂಕಿಸಾಲು ಬಂತು. ಅದರ ಕೊನೆಯಲ್ಲಿ ಅಲ್ಲಿಯವರೆಗೆ ಇರುತ್ತಿದ್ದ ‘ಅಂಥ ಫೈಲ್ ಇಲ್ಲ’ ಎಂಬುದರ ಜಾಗದಲ್ಲಿ 3 ಎಂಬ ಒಂದೇ ಅಂಕಿ ಇತ್ತು. ತೆರೆದ ಫೈಲ್‌ಗೆ ಕರ್ನಲ್ ಕೊಡುವ ಚೀಟಿ ಅದು. 0, 1, 2 ಮೊದಲೇ ಕೀಲಿಮಣೆಗೂ ಪರದೆಗೂ ಹೋಗಿರುತ್ತವೆ.