ಅಂದಿನ ಬೆಲೆಗೆ ಇಂದಿನ ಕಂದಾಯ

ಹೊಸದಾಗಿ ಕಟ್ಟಿ ಮುಗಿಸಿದ ಮನೆಯೊಂದಿದೆ. ಅದಕ್ಕೆ 1991ರ ಏಪ್ರಿಲ್ 1ರಂದು ಎಷ್ಟು ಬೆಲೆ ಇತ್ತು? ಈ ಪ್ರಶ್ನೆಯೇ ಅಸಂಬದ್ಧ ಎನ್ನಬಹುದು. ಅಂದು ಅಲ್ಲಿ ಮನೆಯೇ ಇರಲಿಲ್ಲ. ಹೊಲವೋ ಹಳೆಯ ಗೋದಾಮೋ ಇದ್ದಿರಬಹುದು. ಆದರೆ ಇಂಗ್ಲೆಂಡಿನ ಮೌಲ್ಯಮಾಪನ ಅಧಿಕಾರಿಗಳು ಇಂದಿಗೂ ಪ್ರತಿಯೊಂದು ಹೊಸ ಮನೆಯ ಬಗ್ಗೆ ಇದೇ ಪ್ರಶ್ನೆ ಕೇಳಿಕೊಳ್ಳುತ್ತಾರೆ, ಉತ್ತರವನ್ನೂ ಬರೆದಿಡುತ್ತಾರೆ. ಆ ಮನೆಯವರು ವರ್ಷ ವರ್ಷ ಕಟ್ಟಬೇಕಾದ ಕೌನ್ಸಿಲ್ ಟ್ಯಾಕ್ಸ್ ನಿಂತಿರುವುದು ಆ ಉತ್ತರದ ಮೇಲೆ.

ಉತ್ತರ ತಪ್ಪಾಗಿದೆ ಅನಿಸಿದರೆ ತಕರಾರು ಅರ್ಜಿ ಹಾಕಲು ಅಲ್ಲಿನ ಕಾನೂನು ಅವಕಾಶ ಕೊಟ್ಟಿದೆ. ಗೆದ್ದರೆ ಹಲವು ವರ್ಷಗಳಿಂದ ಹೆಚ್ಚಾಗಿ ಕಟ್ಟಿದ ಹಣ ಒಟ್ಟಿಗೆ ವಾಪಸು ಬರಬಹುದು. ಆದರೆ ಈ ದಾರಿಯಲ್ಲಿ ಒಂದು ಮುಳ್ಳಿದೆ. ಕಂದಾಯ ಇಳಿಯಲಿ ಎಂದು ಅರ್ಜಿ ಹಾಕಿದವರ ಕಂದಾಯವೇ ಏರಬಹುದು. ಅದಕ್ಕಿಂತ ಕೆಟ್ಟದೆಂದರೆ, ಏನೂ ಅರಿಯದ ನೆರೆಮನೆಯವರ ಕಂದಾಯವೂ ಏರಬಹುದು. ಈ ವಿಚಿತ್ರ ಏರ್ಪಾಡು ಹೇಗೆ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಿಟಕಿಯಿಂದ ತಲೆಯವರೆಗೆ

ಮನೆಯ ಮೇಲೆ ತೆರಿಗೆ ಹಾಕುವುದಕ್ಕೆ ಬ್ರಿಟನ್ನಿನ ದೊರೆಗಳೂ ಮಂತ್ರಿಗಳೂ ನಾನಾ ಅಳತೆಗೋಲು ಹುಡುಕಿದವರು. 1662ರಲ್ಲಿ ಒಲೆಗಳನ್ನು ಎಣಿಸಿ ತೆರಿಗೆ ಹಾಕಿದರು. 1696ರಲ್ಲಿ ಕಿಟಕಿಗಳ ಸರದಿ ಬಂತು. ಜನ ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿ ಕತ್ತಲಲ್ಲಿ ಕುಳಿತರು. ಹಾಗೆ ಮುಚ್ಚಿದ ಕಿಟಕಿಗಳನ್ನು ಹಳೆಯ ಕಟ್ಟಡಗಳಲ್ಲಿ ಈಗಲೂ ಕಾಣಬಹುದು. ಆ ತೆರಿಗೆ ಹೋದದ್ದು 1851ರಲ್ಲಿ.

ಇವೆಲ್ಲ ರಾಜ್ಯದ ಬೊಕ್ಕಸಕ್ಕೆ ಹೋಗುತ್ತಿದ್ದವು. ಊರಿನ ಖರ್ಚಿಗೆ ಇದ್ದದ್ದು ಬೇರೆ. 1601ರ ಬಡವರ ಪೋಷಣೆಯ ಕಾಯ್ದೆಯಿಂದ ಬೆಳೆದು ಬಂದ ಅದಕ್ಕೆ ‘ರೇಟ್ಸ್’ ಎಂದು ಹೆಸರು. ಮನೆಯನ್ನು ಬಾಡಿಗೆಗೆ ಕೊಟ್ಟರೆ ಎಷ್ಟು ಬಂದೀತು ಎಂಬ ಅಂದಾಜು ಅದರ ಆಧಾರ. ಸುಮಾರು ನಾಲ್ಕು ಶತಮಾನ ಬಾಳಿದ ಈ ಪದ್ಧತಿಯನ್ನು ಮಾರ್ಗರೆಟ್ ಥ್ಯಾಚರ್ ಸರ್ಕಾರ ತೆಗೆದುಹಾಕಿತು. ಮನೆಯ ಬದಲು ಮನುಷ್ಯರ ತಲೆ ಎಣಿಸುವ ‘ಕಮ್ಯುನಿಟಿ ಚಾರ್ಜ್’ 1989ರಲ್ಲಿ ಸ್ಕಾಟ್ಲೆಂಡಿಗೆ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಬಂತು. ಜನ ಅದನ್ನು ಕರೆದದ್ದು ‘ಪೋಲ್ ಟ್ಯಾಕ್ಸ್’, ಅಂದರೆ ತಲೆಗಂದಾಯ ಎಂದು. 1381ರಲ್ಲಿ ಇಂಥದೇ ತಲೆಗಂದಾಯದ ವಿರುದ್ಧ ರೈತರು ದಂಗೆ ಎದ್ದದ್ದನ್ನು ಆ ದೇಶ ಮರೆತಿರಲಿಲ್ಲ.

ಅರಮನೆಯಂಥ ಬಂಗಲೆಯ ಲಾರ್ಡ್‌ಗೂ ಎರಡು ಕೋಣೆಯ ಮನೆಯ ಕೂಲಿಯವನಿಗೂ ಒಂದೇ ಊರಿನಲ್ಲಿ ಒಂದೇ ದರ ಎಂದರೆ ಯಾರು ಸುಮ್ಮನಿದ್ದಾರು? 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಪ್ರತಿಭಟನೆ ಗಲಭೆಗೆ ತಿರುಗಿತು. ಲಕ್ಷಾಂತರ ಮಂದಿ ತೆರಿಗೆ ಕಟ್ಟಲೇ ಇಲ್ಲ. ಅದೇ ನವೆಂಬರ್‌ನಲ್ಲಿ ಥ್ಯಾಚರ್ ಪದವಿ ಬಿಟ್ಟರು. ಅದಕ್ಕೆ ಕಾರಣಗಳಲ್ಲಿ ತಲೆಗಂದಾಯವೂ ಒಂದು. ನಂತರ ಬಂದ ಜಾನ್ ಮೇಜರ್ ಈ ಕೆಂಡವನ್ನು ಆರಿಸುವ ಕೆಲಸವನ್ನು ಮಂತ್ರಿ ಮೈಕೇಲ್ ಹೆಸೆಲ್ಟೈನ್‌ಗೆ ಒಪ್ಪಿಸಿದರು. ಹೀಗೆ ಹುಟ್ಟಿದ್ದು ಕೌನ್ಸಿಲ್ ಟ್ಯಾಕ್ಸ್. 1992ರಲ್ಲಿ ಕಾಯ್ದೆಯಾಗಿ, 1993ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ಎರಡನೇ ಗೇರಿನ ಬೆಲೆಪಟ್ಟಿ

ಹೊಸ ತೆರಿಗೆಗೆ ಮನೆಯ ಮಾರಾಟದ ಬೆಲೆಯೇ ಆಧಾರ. ಹಾಗಾದರೆ ದೇಶದ ಎರಡು ಕೋಟಿಗೂ ಹೆಚ್ಚು ಮನೆಗಳಿಗೆ ಬೆಲೆ ಕಟ್ಟಬೇಕು. ತಲೆಗಂದಾಯದಿಂದ ಬೇಗ ಬಿಡಿಸಿಕೊಳ್ಳುವ ಆತುರದಲ್ಲಿದ್ದ ಸರ್ಕಾರಕ್ಕೆ ಒಳಗೆ ಹೋಗಿ ಕೋಣೆ ಅಳೆಯುವಷ್ಟು ಪುರಸೊತ್ತು ಇರಲಿಲ್ಲ. ಸರ್ಕಾರಿ ಸಿಬ್ಬಂದಿ ಸಾಲದೆ ಖಾಸಗಿ ಎಸ್ಟೇಟ್ ಏಜೆಂಟರಿಗೂ ಗುತ್ತಿಗೆ ಕೊಡಲಾಯಿತು. ಎಷ್ಟೋ ಬೀದಿಗಳಲ್ಲಿ ಅವರು ಕಾರಿನಿಂದ ಇಳಿಯಲೂ ಇಲ್ಲ. ಗಾಡಿಯನ್ನು ನಿಧಾನವಾಗಿ ಓಡಿಸುತ್ತ, ಎರಡೂ ಪಕ್ಕದ ಮನೆಗಳನ್ನು ಕಣ್ಣಳತೆಯಲ್ಲಿ ನೋಡಿ ದರ್ಜೆ ಬರೆದುಕೊಂಡರು. ಈ ಕೆಲಸಕ್ಕೆ ‘ಸೆಕೆಂಡ್ ಗೇರ್’ ಬೆಲೆಕಟ್ಟು ಎಂದೇ ಹೆಸರು ಬಿತ್ತು. ಕಾರು ಎರಡನೇ ಗೇರಿನಲ್ಲಿತ್ತು ಎಂಬುದು ಅದರ ವ್ಯಂಗ್ಯ.

ಇಷ್ಟು ಒರಟು ಅಂದಾಜು ನಡೆಯುತ್ತದೆ ಎಂದು ಸರ್ಕಾರ ಭಾವಿಸಿದ್ದಕ್ಕೂ ಕಾರಣವಿದೆ. ಪ್ರತಿ ಮನೆಯ ಕರಾರುವಾಕ್ಕಾದ ಬೆಲೆ ಇಲ್ಲಿ ಬೇಕಿಲ್ಲ. ಎ ಇಂದ ಎಚ್‌ವರೆಗೆ ಎಂಟು ದರ್ಜೆಗಳಿವೆ. ಮನೆ ಯಾವುದರಲ್ಲಿ ಬೀಳುತ್ತದೆ ಎಂದು ತಿಳಿದರೆ ಸಾಕು. ಇಂಗ್ಲೆಂಡಿನಲ್ಲಿ 1991ರ ಬೆಲೆಯಂತೆ 40 ಸಾವಿರ ಪೌಂಡ್‌ವರೆಗಿನ ಮನೆ ಎ ದರ್ಜೆ. 68 ಸಾವಿರ ದಾಟಿ 88 ಸಾವಿರದವರೆಗಿನದು ಡಿ. 3 ಲಕ್ಷ 20 ಸಾವಿರ ದಾಟಿದ್ದೆಲ್ಲ ಎಚ್. ಇಂದು ಇಂಗ್ಲೆಂಡಿನಲ್ಲಿ ಸಾಧಾರಣ ಮನೆಯ ಬೆಲೆಯೇ ಮೂರು ಲಕ್ಷ ಪೌಂಡಿನ ಆಸುಪಾಸಿನಲ್ಲಿದೆ. ಈ ಅಂಕಿಗಳು ಎಷ್ಟು ಹಳತಾಗಿವೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಡಿ ದರ್ಜೆಯನ್ನು ಒಂಬತ್ತು ಪಾಲು ಎಂದು ಹಿಡಿದರೆ ಎ ಕಟ್ಟುವುದು ಆರು ಪಾಲು, ಸಿ ಎಂಟು, ಇ ಹನ್ನೊಂದು, ಎಚ್ ಹದಿನೆಂಟು. 2025-26ರಲ್ಲಿ ಇಂಗ್ಲೆಂಡಿನಲ್ಲಿ ಡಿ ದರ್ಜೆಯ ಸರಾಸರಿ ತೆರಿಗೆ ವರ್ಷಕ್ಕೆ 2,280 ಪೌಂಡ್. ಆ ಲೆಕ್ಕದಲ್ಲಿ ಡಿಯಿಂದ ಸಿಗೆ ಇಳಿದರೆ ವರ್ಷಕ್ಕೆ ಸುಮಾರು 253 ಪೌಂಡ್ ಉಳಿತಾಯ. ಡಿಯಿಂದ ಇಗೆ ಏರಿದರೆ ಸುಮಾರು 507 ಪೌಂಡ್ ಹೆಚ್ಚುವರಿ ಹೊರೆ. ಅಂದು ಕಾರಿನ ಕಿಟಕಿಯಿಂದ ಬಿದ್ದ ಒಂದು ತಪ್ಪು ನೋಟ ಮೂರು ದಶಕಗಳಲ್ಲಿ ಸಾವಿರಾರು ಪೌಂಡ್ ಆಗಿ ಬೆಳೆಯುವುದು ಹೀಗೆ.

ನಮ್ಮವರಿಗೂ ಇಲ್ಲೊಂದು ವಿಷಯವಿದೆ. ನಮ್ಮ ಊರುಗಳಲ್ಲಿ ಮನೆಗಂದಾಯ ಮಾಲೀಕನ ಹೊಣೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮನೆಯಲ್ಲಿ ವಾಸಿಸುವವರೇ ಇದನ್ನು ಕಟ್ಟಬೇಕು, ಬಾಡಿಗೆದಾರರಾದರೂ ಸರಿ. ಬೆಂಗಳೂರು, ಮಂಗಳೂರುಗಳಿಂದ ಅಲ್ಲಿಗೆ ನೌಕರಿಗೆ ಹೋಗಿ ಬಾಡಿಗೆ ಮನೆ ಹಿಡಿದವರ ಹೆಸರಿಗೂ ಈ ಬಿಲ್ಲು ಬರುತ್ತದೆ. ತಕರಾರು ಹಾಕುವ ಹಕ್ಕೂ ಅವರಿಗೆ ಇದೆ. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಕಾಲುಭಾಗ ರಿಯಾಯಿತಿ ಉಂಟು.

ತಕರಾರಿನ ಬಗೆ

ದೂರು ಕೊಡಬೇಕಾದದ್ದು ಯಾರಿಗೆ? ಇಲ್ಲಿ ಅನೇಕರು ದಾರಿ ತಪ್ಪುತ್ತಾರೆ. ಪ್ರತಿ ದರ್ಜೆಗೆ ಎಷ್ಟು ತೆರಿಗೆ ಎಂದು ಹೇಳುವುದು ಊರಿನ ಕೌನ್ಸಿಲ್. ಆದರೆ ಮನೆ ಯಾವ ದರ್ಜೆ ಎಂದು ತೀರ್ಮಾನಿಸುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರಮಾನ ಇಲಾಖೆಗೆ ಸೇರಿದ ಮೌಲ್ಯಮಾಪನ ಅಧಿಕಾರಿಗಳು, ಸ್ಕಾಟ್ಲೆಂಡಿನಲ್ಲಿ ಅಸೆಸರ್‌ಗಳು. ದರ್ಜೆಯ ಬಗ್ಗೆ ಕೌನ್ಸಿಲ್ ಕಚೇರಿಗೆ ಎಷ್ಟು ಸಲ ಅಲೆದರೂ ಪ್ರಯೋಜನವಿಲ್ಲ.

ತಕರಾರಿಗೆ ಎರಡು ಬಾಗಿಲುಗಳಿವೆ. ಮನೆಗೆ ಹೊಸದಾಗಿ ಬಂದು ತೆರಿಗೆ ಕಟ್ಟಲು ಆರಂಭಿಸಿದವರು ಮೊದಲ ಆರು ತಿಂಗಳೊಳಗೆ ವಿಧಿವತ್ತಾಗಿ ಆಕ್ಷೇಪಣೆ ಸಲ್ಲಿಸಬಹುದು. ಅದನ್ನು ಅಧಿಕಾರಿ ತಳ್ಳಿಹಾಕಿದರೆ ಇಂಗ್ಲೆಂಡಿನಲ್ಲಿ ಮೂರು ತಿಂಗಳೊಳಗೆ ಮೌಲ್ಯಮಾಪನ ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಆರು ತಿಂಗಳು ಮೀರಿದವರಿಗೆ ಎರಡನೇ ಬಾಗಿಲು: ಪುರಾವೆ ಇಟ್ಟು, ದರ್ಜೆಯನ್ನು ಮತ್ತೊಮ್ಮೆ ನೋಡಿ ಎಂದು ಕೋರಿಕೆ ಸಲ್ಲಿಸುವುದು. ಯಾವ ಬಾಗಿಲಾದರೂ, ತೀರ್ಪು ಬರುವವರೆಗೆ ಹಳೆಯ ಬಿಲ್ಲಿನಂತೆ ತೆರಿಗೆ ಕಟ್ಟುತ್ತಿರಲೇಬೇಕು.

ಪುರಾವೆ ಎಂದರೆ ಏನು? ಮೊದಲನೆಯದು ನೆರೆಹೊರೆ. ಎಲ್ಲರ ಮನೆಯ ದರ್ಜೆಯನ್ನೂ ಯಾರು ಬೇಕಾದರೂ ನೋಡಬಹುದು. ಅದು ಸಾರ್ವಜನಿಕ ಪಟ್ಟಿ. ಅದೇ ಬೀದಿಯಲ್ಲಿ, ಅದೇ ಕಾಲದಲ್ಲಿ, ಅದೇ ಅಳತೆ ಮತ್ತು ಮಾದರಿಯಲ್ಲಿ ಕಟ್ಟಿದ ಮನೆಗಳು ಕೆಳಗಿನ ದರ್ಜೆಯಲ್ಲಿದ್ದರೆ ಅಂಥ ಐದು ವಿಳಾಸಗಳವರೆಗೆ ಕೊಡಬಹುದು. ಎರಡನೆಯದು ಬೆಲೆ. ಇಂಗ್ಲೆಂಡಿನಲ್ಲಿ ತನ್ನ ಮನೆಯೋ ಅದರಂಥ ಮನೆಯೋ 1989ರ ಏಪ್ರಿಲ್‌ನಿಂದ 1993ರ ಮಾರ್ಚ್‌ವರೆಗೆ ಮಾರಾಟವಾಗಿದ್ದರೆ ಆ ಕ್ರಯದ ಮೊತ್ತಕ್ಕೆ ತೂಕವಿದೆ. ನಂತರದ ಬೆಲೆ ಮಾತ್ರ ಗೊತ್ತಿದ್ದವರು ಮನೆಬೆಲೆ ಏರಿದ ಸೂಚ್ಯಂಕ ಹಿಡಿದು 1991ಕ್ಕೆ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಇದು ಸಾಕ್ಷ್ಯವಾಗಿ ದುರ್ಬಲ. ಆದರೆ ತನ್ನ ಅನುಮಾನ ನಿಜವೇ ಎಂದು ತಾನು ನೋಡಿಕೊಳ್ಳಲು ಸಾಕು. ಪತ್ರಕರ್ತ ಮಾರ್ಟಿನ್ ಲೂಯಿಸ್ 2007ರಲ್ಲಿ ಈ ಎರಡು ಪರೀಕ್ಷೆಗಳನ್ನು ಜನರಿಗೆ ಹೇಳಿಕೊಟ್ಟ ಮೇಲೆ ಅರ್ಜಿಗಳ ಮಳೆಯೇ ಸುರಿಯಿತು.

ಪುರಾವೆ ಆಗದ ಸಂಗತಿಗಳೂ ಇವೆ. ಬಿಲ್ಲು ದುಬಾರಿ ಎಂಬುದು ಕಾರಣವಲ್ಲ. ಇತ್ತೀಚೆಗೆ ಮನೆಯ ಬೆಲೆ ಕುಸಿಯಿತು ಎನ್ನುವುದೂ ಕಾರಣವಲ್ಲ. ಗೋಡೆ ಸೋರುತ್ತಿದೆ ಎಂದರೂ ನಡೆಯುವುದಿಲ್ಲ. ಮನೆ ಸಾಧಾರಣ ಸುಸ್ಥಿತಿಯಲ್ಲಿದೆ ಎಂದೇ ಭಾವಿಸಿ ಬೆಲೆ ಕಟ್ಟಬೇಕೆಂಬುದು ನಿಯಮ.

ನೆರೆಮನೆಯ ಸಂಕಟ

ಎರಡೂ ಪರೀಕ್ಷೆ ಮಾಡಿಯೇ ಮುಂದುವರಿಯಬೇಕು ಎನ್ನುವುದು ಯಾಕೆಂದರೆ, ನೆರೆಯವರ ದರ್ಜೆ ಕಡಿಮೆ ಇದೆ ಎಂದ ಮಾತ್ರಕ್ಕೆ ನಿಮ್ಮದು ತಪ್ಪು ಎಂದಾಗುವುದಿಲ್ಲ. ತಪ್ಪಿರುವುದು ಅವರ ದರ್ಜೆಯಲ್ಲೇ ಇರಬಹುದು! ಪಟ್ಟಿಯನ್ನು ಸರಿಯಾಗಿ ಇಡುವುದು ಅಧಿಕಾರಿಯ ಕರ್ತವ್ಯ. ನಿಮ್ಮ ಅರ್ಜಿಯ ನೆಪದಲ್ಲಿ ಬೀದಿಯ ಕಡತ ತೆರೆದವರಿಗೆ ಪಕ್ಕದ ಮೂರು ಮನೆಗಳೂ ಒಂದು ದರ್ಜೆ ಕೆಳಗಿವೆ ಎಂದು ಕಂಡರೆ, ಅವನ್ನು ಏರಿಸದೆ ಬಿಡಲಾಗದು. ನಿಮ್ಮದೇ ಮನೆ ಅಗ್ಗದ ದರ್ಜೆಯಲ್ಲಿದೆ ಎಂದು ಕಂಡರೂ ಅಷ್ಟೇ. ಇರಲಾರದೆ ಇರುವೆ ಬಿಟ್ಟುಕೊಂಡಂತೆ ಎಂಬ ನಮ್ಮ ಗಾದೆ ಇಂಥವರಿಗೇ ಹೇಳಿದ್ದು.

ಸಮಾಧಾನದ ಸಂಗತಿ ಒಂದಿದೆ. ಮೊದಲಿನಿಂದಲೂ ಇದ್ದ ತಪ್ಪು ತಿದ್ದಿ ದರ್ಜೆ ಇಳಿಸಿದಾಗ ಲಾಭ ಹಿಂದಿನಿಂದ ಸಿಗುತ್ತದೆ. ಆ ಮನೆಗೆ ಬಂದ ದಿನದವರೆಗೆ, 1993ರಿಂದಲೇ ಇದ್ದವರಿಗೆ 1993ರವರೆಗೆ. ಏರಿಸಿದಾಗ ಸಾಮಾನ್ಯವಾಗಿ ತಿದ್ದಿದ ದಿನದಿಂದ ಮುಂದಕ್ಕೆ ಮಾತ್ರ. ಹಾಗೆಯೇ ಕೋಣೆಯೊಂದನ್ನು ಹೆಚ್ಚಿಗೆ ಕಟ್ಟಿಸಿದರೆ ಅದಕ್ಕಾಗಿ ಕೂಡಲೇ ದರ್ಜೆ ಏರುವುದಿಲ್ಲ. ಮನೆ ಮಾರಾಟವಾದ ಮೇಲೆ ಏರಬಹುದು. ಆಗ ಹೊರೆ ಕೊಂಡವರದು. ಹೊಸದಾಗಿ ಕೊಂಡವರಿಗೆ ಪಕ್ಕದವರಿಗಿಂತ ಹೆಚ್ಚು ಬಿಲ್ಲು ಬರುವುದಕ್ಕೆ ಇದೂ ಒಂದು ಕಾರಣ.

ಮುಟ್ಟಲು ಅಂಜುವ ಪಟ್ಟಿ

ಇಷ್ಟೆಲ್ಲ ತಾಪತ್ರಯದ ಬದಲು ಎಲ್ಲ ಮನೆಗಳಿಗೂ ಹೊಸದಾಗಿ ಬೆಲೆ ಕಟ್ಟಬಾರದೇ? ವೇಲ್ಸ್ ಕಟ್ಟಿ ನೋಡಿತು. 2003ರ ಬೆಲೆ ಹಿಡಿದು 2005ರಲ್ಲಿ ಹೊಸ ಪಟ್ಟಿ ತಂದಿತು, ಐ ಎಂಬ ಒಂಬತ್ತನೇ ದರ್ಜೆಯನ್ನೂ ಸೇರಿಸಿತು. ಸುಮಾರು ಮೂರನೇ ಒಂದರಷ್ಟು ಮನೆಗಳು ಮೇಲಿನ ದರ್ಜೆಗೆ ಹೋದವು, ಜನ ಸಿಟ್ಟಾದರು. ಇದನ್ನು ಕಂಡ ಲಂಡನ್ನಿನ ಸರ್ಕಾರ, 2007ಕ್ಕೆ ಇಂಗ್ಲೆಂಡಿನಲ್ಲಿ ಆಗಬೇಕಿದ್ದ ಮರುಮೌಲ್ಯಮಾಪನವನ್ನು 2005ರಲ್ಲೇ ಮುಂದೂಡಿತು. ಆಮೇಲೆ ಯಾವ ಪಕ್ಷದ ಸರ್ಕಾರವೂ ಅದರ ಗೊಡವೆಗೆ ಹೋಗಿಲ್ಲ. ಸ್ಕಾಟ್ಲೆಂಡಿನಲ್ಲೂ 1991ರ ಬೆಲೆಯೇ ಆಧಾರ. 2017ರಲ್ಲಿ ಮೇಲಿನ ದರ್ಜೆಗಳ ಪಾಲನ್ನು ಮಾತ್ರ ಹೆಚ್ಚಿಸಿದರು. ವೇಲ್ಸ್ ಮಾತ್ರ ಎದೆಗುಂದದೆ, 2028ರಿಂದ ಐದು ವರ್ಷಕ್ಕೊಮ್ಮೆ ಬೆಲೆ ಕಟ್ಟುವ ಕಾಯ್ದೆಯನ್ನು 2024ರಲ್ಲಿ ಮಾಡಿಕೊಂಡಿದೆ. ಇಂಗ್ಲೆಂಡಿನಲ್ಲಿ 20 ಲಕ್ಷ ಪೌಂಡ್ ಮೀರಿದ ಮನೆಗಳ ಮಾಲೀಕರಿಗೆ 2028ರಿಂದ ಹೆಚ್ಚುವರಿ ತೆರಿಗೆ ಹಾಕುವುದಾಗಿ 2025ರ ನವೆಂಬರ್ ಬಜೆಟ್‌ನಲ್ಲಿ ಘೋಷಣೆಯಾಯಿತು. ಉಳಿದ ಕೋಟ್ಯಂತರ ಮನೆಗಳಿಗೆ ಮಾತ್ರ ಆ ಹಳೆಯ ಪಟ್ಟಿಯೇ ಗತಿ.

ಸರ್ಕಾರ ಒಟ್ಟಿಗೆ ತಿದ್ದಬೇಕಾದ ಪಟ್ಟಿಯನ್ನು ಅಲ್ಲಿ ಜನ ಒಂದೊಂದೇ ಮನೆಯಾಗಿ ತಿದ್ದಿಸುತ್ತಿದ್ದಾರೆ ಎನ್ನಬೇಕು. ಓದುಬರಹ ಬಲ್ಲವರು, ಪುರಾವೆ ಹುಡುಕಲು ಬಿಡುವಿರುವವರು, ನೆರೆಯವರ ಮುನಿಸಿಗೆ ಅಂಜದವರು ತಮ್ಮ ಪಾಲನ್ನು ಸರಿಪಡಿಸಿಕೊಳ್ಳುತ್ತಾರೆ. ಹೀಗೊಂದು ಅವಕಾಶ ಇದೆ ಎಂದೇ ತಿಳಿಯದ ಮುದುಕರೂ, ಆರು ತಿಂಗಳಿಗೊಂದು ಮನೆ ಬದಲಿಸುವ ಬಾಡಿಗೆಯವರೂ ಬಿಲ್ಲು ಬಂದಷ್ಟು ಕಟ್ಟುತ್ತಲೇ ಇರುತ್ತಾರೆ. ಅನ್ಯಾಯದ ತಲೆಗಂದಾಯವನ್ನು ತೊಲಗಿಸಲು ಬಂದ ತೆರಿಗೆಗೆ ಇದು ಶೋಭೆಯಲ್ಲ. ಅಲ್ಲಿ ಮನೆ ಹಿಡಿಯಲಿರುವವರಿಗೆ ಹೇಳಬಹುದಾದದ್ದು ಇಷ್ಟೆ: ಸಾಮಾನು ಇಳಿಸಿದ ವಾರದಲ್ಲೇ ಮನೆಯ ದರ್ಜೆಯನ್ನೂ ಅಕ್ಕಪಕ್ಕದ ದರ್ಜೆಯನ್ನೂ ನೋಡಿಕೊಳ್ಳಿ. ಲೆಕ್ಕ ಗಟ್ಟಿಯಿದ್ದರೆ ಮಾತ್ರ ಅರ್ಜಿ ಬರೆಯಿರಿ. ಶುಲ್ಕ ಪಡೆದು ಅರ್ಜಿ ಹಾಕಿಕೊಡುತ್ತೇವೆ ಎಂದು ಬರುವ ಮಧ್ಯವರ್ತಿಗಳಿಗೆ ಒಂದು ಪೌಂಡನ್ನೂ ಕೊಡಬೇಕಾಗಿಲ್ಲ.